ಹದಿನೇಳನೆಯ ಪ್ರಶ್ನೆಗೆ ಸೊನ್ನೆ

ವೀಣಾ ಖಾರ್ವಿ ಅವರ ಹೊಲಿಗೆ ಯಂತ್ರದ ಬಲಗಡೆ ಎರಡು ಅಳತೆಗಳಿರುತ್ತವೆ. ಒಂದು ಬಟ್ಟೆಯ ಟೇಪು. ಇಪ್ಪತ್ತು ವರ್ಷ ಬಳಸಿ ಅದರ ಮೊದಲೆರಡು ಇಂಚಿನ ಅಂಕಿಗಳು ಅಳಿಸಿಹೋಗಿವೆ. ಇನ್ನೊಂದು ಉಕ್ಕಿನ ಸ್ಕೇಲು, ಹೊಸದು. ಟೇಪಿನಿಂದ ಅವರು ಕೇರಿಯ ಹೆಂಗಸರ ರವಿಕೆಯ ಅಳತೆ ತೆಗೆಯುತ್ತಾರೆ. ಸ್ಕೇಲಿನಿಂದ 2023ರ ನವೆಂಬರಿನಿಂದ ಮುಂದಿನ ಮಾರ್ಚಿನವರೆಗೆ ಏನನ್ನು ಅಳೆದಿರಿ ಎಂದು ಕೇಳಿದರೆ, "ನೀರಿನ ಒಳಗೆ ಮನುಷ್ಯ ಎಲ್ಲಿಗೆ ಹೋಗ್ತ ಅನ್ನೂದನ್ನ" ಎನ್ನುತ್ತಾರೆ.

ವೀಣಾ ಅವರಿಗೆ ಈಗ ನಲವತ್ಮೂರು. ಹುಟ್ಟಿದ್ದು ಹೊನ್ನಾವರದ ಕಾಸರಕೋಡಿನಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಪಿಯುಸಿ ಮುಗಿಸಿ ಕುಮಟಾದ ಹೆಡ್‌ಬಂದರದ ಬಳಿಯ ಕೇರಿಗೆ ಮದುವೆಯಾಗಿ ಬಂದರು. ಗಂಡ ನಿತ್ಯಾನಂದ ತದಡಿಯಿಂದ ಹೊರಡುವ ಬೋಟಿನಲ್ಲಿ ಕೆಲಸ ಮಾಡುತ್ತಾರೆ, ಎಂಟು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ ಮನೆಗೆ ಬರುತ್ತಾರೆ. ಹೊಲಿಗೆಯ ನಡುವೆ ವೀಣಾ ಸರಕಾರದ ಸಣ್ಣಪುಟ್ಟ ಗಣತಿಗಳನ್ನೂ ಮಾಡಿಕೊಂಡು ಬಂದವರು. ಪೋಲಿಯೊ ಹನಿ ಹಾಕಿಸಿಕೊಂಡ ಮಕ್ಕಳೆಷ್ಟು, ಶೌಚಾಲಯ ಇಲ್ಲದ ಮನೆಗಳೆಷ್ಟು, ಗ್ಯಾಸ್ ಇದ್ದೂ ಕಟ್ಟಿಗೆ ಒಲೆ ಉರಿಸುವವರೆಷ್ಟು ಎಂದು ಮನೆಮನೆ ತಿರುಗಿ ಬರೆದಿದ್ದಾರೆ. ಹಾಗಾಗಿ ಮಂಗಳೂರಿನಿಂದ ಬಂದ ಸಂಶೋಧನಾ ತಂಡವೊಂದು, ಕನ್ನಡ ಕೊಂಕಣಿ ಎರಡೂ ಬಲ್ಲ, ಮೀನುಗಾರರ ಮನೆಯ ಜಗಲಿಯಲ್ಲಿ ಕೂರಲು ಸಂಕೋಚಪಡದ ಒಬ್ಬರು ಬೇಕು ಎಂದಾಗ ಪಂಚಾಯಿತಿಯವರಿಗೆ ಬೇರೆ ಹೆಸರು ನೆನಪಾಗಲಿಲ್ಲ.

ತಂಡದ ಮುಖ್ಯಸ್ಥೆ ಡಾ. ಅಮೂಲ್ಯಾ, ಮನೋವಿಜ್ಞಾನಿ. ಅವರ ಅಧ್ಯಯನ ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು ಮುಳುಗಿ ದುಡಿಯುವವರದ್ದು. ಭಟ್ಕಳ, ಹೊನ್ನಾವರ, ಕುಮಟಾ ಕಡಲಿನ ಬಂಡೆಗಳಲ್ಲಿ ಹಸಿರಂಚಿನ ಚಿಪ್ಪುಗಳು ಕಚ್ಚಿಕೊಂಡು ಬೆಳೆಯುತ್ತವೆ. ಇಲ್ಲಿಯವರು ಅದನ್ನು ನೀಲಿಕಲ್ಲು ಎನ್ನುತ್ತಾರೆ. ಮಳೆಗಾಲ ಕಳೆದ ಮೇಲೆ ದೋಣಿಯಲ್ಲಿ ಹೋಗಿ, ಸೊಂಟಕ್ಕೆ ಬಲೆಚೀಲ ಕಟ್ಟಿ, ಕೈಯಲ್ಲಿ ಕಬ್ಬಿಣದ ಉಳಿ ಹಿಡಿದು, ನಾಲ್ಕು ಮಾರು ಆರು ಮಾರು ಆಳಕ್ಕಿಳಿದು ಅದನ್ನು ಕಿತ್ತು ತರುತ್ತಾರೆ. ಕೆಳಗೆ, ಉಸಿರು ಮುಗಿಯುವ ಹೊತ್ತಿನಲ್ಲಿ, ಅವರ ಅರಿವಿಗೆ ಏನಾಗುತ್ತದೆ? ಅಮೂಲ್ಯಾ ಅವರಿಗೆ ಬೇಕಾಗಿದ್ದದ್ದು ಅದು. ಧ್ಯಾನದಲ್ಲಿ ಕುಳಿತವರನ್ನೂ ಪ್ರಯೋಗಾಲಯದಲ್ಲಿ ಔಷಧಿ ತೆಗೆದುಕೊಂಡವರನ್ನೂ ಕೇಳಲು ಹೊರದೇಶದಲ್ಲಿ ಮಾಡಿದ್ದ ಪ್ರಶ್ನೆಪಟ್ಟಿಯೊಂದನ್ನು ಅವರು ಕನ್ನಡಕ್ಕೂ ಕೊಂಕಣಿಗೂ ತಂದಿದ್ದರು.

ನಲವತ್ತೆರಡು ಪ್ರಶ್ನೆಗಳು. ಪ್ರತಿಯೊಂದೂ ಒಂದು ವಾಕ್ಯ. ಕೆಳಗೆ ಹತ್ತು ಸೆಂಟಿಮೀಟರಿನ ಅಡ್ಡಗೆರೆ. ಗೆರೆಯ ಎಡತುದಿಯಲ್ಲಿ 'ಏನೂ ಇಲ್ಲ', ಬಲತುದಿಯಲ್ಲಿ 'ಪೂರ್ತಿ'. ಅನುಭವ ಎಷ್ಟಿತ್ತೋ ಅಷ್ಟು ದೂರಕ್ಕೆ ಒಂದು ಕಡ್ಡಿ ಎಳೆಯಬೇಕು. ಆಮೇಲೆ ವೀಣಾ ಎಡತುದಿಯಿಂದ ಆ ಕಡ್ಡಿಯವರೆಗೆ ಅಳೆದು ಮಿಲಿಮೀಟರಿನಲ್ಲಿ ಬರೆಯಬೇಕು.

ಕುಮಟಾದ ಕಾಲೇಜೊಂದರ ಕೊಠಡಿಯಲ್ಲಿ ಎರಡು ದಿನ ತರಬೇತಿ ನಡೆಯಿತು. ವೀಣಾ ಕೇಳಿದ್ದು ಒಂದೇ ಪ್ರಶ್ನೆ.

"ಗೆರೆ ಎಂತಕ್ಕೆ ಮೇಡಂ? ಹೌದೋ ಇಲ್ವೋ ಅಂದ್ರೆ ಸಾಕಲ್ಲ."

"ಬ್ಲೌಸು ಸಡಿಲ ಆಯ್ತು ಅಂತ ಯಾರಾದ್ರೂ ವಾಪಸ್ ತಂದ್ರೆ ನೀವು ಅಷ್ಟಕ್ಕೇ ಬಿಡ್ತೀರಾ? ಎಷ್ಟು ಸಡಿಲ ಅಂತ ನೋಡಲ್ವಾ?" ಎಂದರು ಅಮೂಲ್ಯಾ.

ಆಮೇಲೆ ವೀಣಾ ಅವರಿಗೆ ಗೆರೆಯ ಬಗ್ಗೆ ಅನುಮಾನ ಉಳಿಯಲಿಲ್ಲ. ಉಳಿದದ್ದು ನಿಯಮಗಳು. ಪ್ರಶ್ನೆಯನ್ನು ಇದ್ದ ಹಾಗೆ ಓದಬೇಕು. ಸುಳ್ಳು ಬರೆಯಬಾರದು ಎಂದು ಮೊದಲೇ ಹೇಳಬೇಕು. ಅರ್ಥ ಬಿಡಿಸಿ ಹೇಳಬಾರದು. ಯಾಕೆ ಹೀಗೆ ಬರೆದಿರಿ ಎಂದು ಕೇಳಬಾರದು. ಕಾಗದದಲ್ಲಿ ಸಂಖ್ಯೆ ಇರುತ್ತದೆ, ಹೆಸರಿರುವುದಿಲ್ಲ. ಯಾರು ಏನು ಬರೆದರು ಎಂಬುದು ಇನ್ನೊಬ್ಬರ ಕಿವಿಗೆ ಬೀಳಬಾರದು, ಅವರ ಮನೆಯವರ ಕಿವಿಗೂ.

ಮೊದಲ ಕಾಗದ ಭಟ್ಕಳದ ಮಾಬ್ಲೇಶ್ವರ ಮೊಗೇರ ಅವರದ್ದು. ಅರವತ್ತು ದಾಟಿದ ಆಸಾಮಿ. 'ಸಮಯ ನಿಂತುಹೋದಂತೆ ಅನಿಸಿತು' ಎಂದು ವೀಣಾ ಓದಿದಾಗ ಆತ ಕೇಳಿದ, "ರೇಷನ್ ಅಂಗಡಿ ಸಾಲಲ್ಲಿ ದಿನಾ ಹಾಗೇ ಅನಿಸ್ತದೆ. ಅದನ್ನೂ ಸೇರಿಸೂದಾ?" ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಗು ಹದಿನೈದನೆಯ ಪ್ರಶ್ನೆಯ ಹೊತ್ತಿಗೆ ನಿಂತಿತ್ತು. ಇಪ್ಪತ್ತರ ಹೊತ್ತಿಗೆ ಮಾಬ್ಲೇಶ್ವರ ಉಳಿದವರನ್ನು ಜಗಲಿಯಿಂದ ಎಬ್ಬಿಸಿ ಕಳುಹಿಸಿದ್ದ.

ಕುಮಟಾದಲ್ಲಿ ಒಂಬತ್ತನೆಯ ಕಾಗದ ವೆಂಕಟ ಹರಿಕಂತ್ರ ಅವರದ್ದು. ವೀಣಾ ಅವರ ಮನೆಯಿಂದ ನಾಲ್ಕನೇ ಮನೆ. ಐವತ್ತೊಂದು ವರ್ಷ. ಹದಿನಾರನೇ ವಯಸ್ಸಿಗೆ ಮುಳುಗಲು ಶುರುಮಾಡಿದವರು. ದಡದಿಂದ ಮುಕ್ಕಾಲು ತಾಸು ದೋಣಿ ನಡೆಸಿದರೆ ಸಿಗುವ ಜೋಡಿಕಲ್ಲು ಎಂಬ ಬಂಡೆಯ ಬುಡಕ್ಕೆ, ಆರು ಮಾರು ಆಳಕ್ಕೆ, ಕೇರಿಯಲ್ಲಿ ಈಗ ಇಳಿಯುವವರು ಅವರೊಬ್ಬರೇ. ದೋಣಿಯಲ್ಲಿ ಮೇಲೆ ಕೂರುವವನು ಹೆಂಡತಿ ಕಮಲಿಯ ತಮ್ಮ ಗಣಪ. ಕಮಲಿ ಕುಮಟಾ ಮೀನು ಪೇಟೆಯಲ್ಲಿ ನೀಲಿಕಲ್ಲು ಮಾರುತ್ತಾರೆ. ಕಮಲಿ ಮತ್ತು ಗಣಪನ ಅಣ್ಣ ನಾರಾಯಣ ಒಂಬತ್ತು ವರ್ಷಗಳ ಹಿಂದೆ ಇದೇ ಜೋಡಿಕಲ್ಲಿನಲ್ಲಿ ತೀರಿಕೊಂಡ. ಅಂದು ಸಮುದ್ರ ಹೊಂಡದ ನೀರಿನಂತೆ ಅಲೆಯಿಲ್ಲದೆ ತಣ್ಣಗಿತ್ತು. ಸೊಂಟದ ಚೀಲ ತುಂಬಿತ್ತು. ಮೈಮೇಲೆ ಗಾಯವಿರಲಿಲ್ಲ. ಸೆಳವಿಗೆ ಸಿಕ್ಕಿರಬೇಕು ಎಂದರು, ಸೆಳವಿಲ್ಲದ ದಿನ ಅದು ಎಂದು ಎಲ್ಲರಿಗೂ ಗೊತ್ತಿದ್ದರೂ.

ವೆಂಕಟ ಅವರು ಕೊಟ್ಟ ಸಮಯ ಮಧ್ಯಾಹ್ನ ಮೂರು ಗಂಟೆ, ಕಮಲಿ ಪೇಟೆಯಲ್ಲಿರುವ ಹೊತ್ತು. ಪೆನ್ನನ್ನು ಅವರು ಉಳಿ ಹಿಡಿಯುವ ಹಾಗೆ ಮುಷ್ಟಿಯಲ್ಲಿ ಹಿಡಿದರು. ಮೊದಲ ಹತ್ತು ಪ್ರಶ್ನೆಗಳಿಗೆ ಕಡ್ಡಿ ಎಳೆದದ್ದು ಬೇಗ. ಹನ್ನೊಂದನೆಯದು, 'ಕಣ್ಣು ಮುಚ್ಚಿದ್ದರೂ ಬೆಳಕು ಕಂಡಿತು.'

ವೆಂಕಟ ಪೆನ್ನು ಕೆಳಗಿಟ್ಟರು.

"ಇದನ್ನ ಬರ್ದವ್ರು ನೀಲಿಕಲ್ಲಿಗೆ ಮುಳುಗಿದ್ರಾ?"

"ಇಲ್ಲ ವೆಂಕಟಣ್ಣ. ಎಲ್ಲೋ ದೂರ ದೇಶದವ್ರು ಬರ್ದದ್ದು."

"ಮತ್ತೆ ಅವ್ರಿಗೆ ಹ್ಯಾಂಗೆ ಗೊತ್ತಾತು?"

ಬಿಡಿಸಿ ಹೇಳುವುದು ನಿಯಮಕ್ಕೆ ಹೊರಗು. ವೆಂಕಟ ಆ ಸಾಲಿನ ಮೇಲೆ ಅಂಗೈ ಇಟ್ಟು ಕುಳಿತರು. ಈ ಕಡಲಿನಲ್ಲಿ ಒಂದು ರೂಢಿಯಿದೆ. ಮೇಲೆ ಬಂದವನನ್ನು ಕೆಳಗೇನಿತ್ತು ಎಂದು ಕೇಳುವುದಿಲ್ಲ. ದೋಣಿಯ ಅಂಚಿಗೆ ಕೈ ಕೊಟ್ಟು ಎತ್ತುತ್ತಾರೆ, ಚಹಾ ಕೊಡುತ್ತಾರೆ, ಅವನಾಗಿ ಮಾತಾಡುವವರೆಗೆ ಸುಮ್ಮನಿರುತ್ತಾರೆ. ಮಾತಾಡಿದರೂ ಅದು ಚಿಪ್ಪಿನ ಮಾತು, ನೀರು ರಾಡಿಯಾಗಿದ್ದರ ಮಾತು. ಹಾಗಾಗಿ ಮೂವತ್ತೈದು ವರ್ಷ ವೆಂಕಟ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಈಗ ಕೇಳಿದ್ದು ಒಂದು ಕಾಗದ. ಅವರೊಬ್ಬರೇ ಕಂಡದ್ದು ಎಂದು ನಂಬಿಕೊಂಡಿದ್ದನ್ನು ಅದು ಅಚ್ಚು ಹಾಕಿಸಿಕೊಂಡು ಬಂದಿತ್ತು.

"ಮೊದ್ಲು ಎದೆ ಒದಿತದೆ ತಂಗಿ," ಎಂದರು. ಗೋಡೆಯ ಕಡೆ ನೋಡುತ್ತ ಹೇಳಿದರು. "ಒಳಗಿಂದ ಯಾರೋ ಬಾಗಿಲು ಬಡದ ಹಾಂಗೆ. ಮೇಲೆ ಬಾ, ಮೇಲೆ ಬಾ ಅಂತದೆ. ಬರೂದಿಲ್ಲ ಅಂದ್ರೆ ಮತ್ತೂ ಬಡಿತದೆ. ಆಮೇಲೆ ಒಂದ್ ಹೊತ್ತಿಗೆ ನಿಂತು ಹೋತದೆ. ಉಸ್ರು ಬೇಕು ಅಂತಲೇ ಅನಿಸೂದಿಲ್ಲ. ಆಗ ಬತ್ತದೆ ಅದು. ಬೆಳಕು ಅಂದ್ರೆ ದೀಪ ಅಲ್ಲ, ಸೂರ್ಯನೂ ಅಲ್ಲ. ಬಂಡೆ, ಚಿಪ್ಪು, ನನ್ ಕೈ, ಎಲ್ಲ ಒಂದೇ ಬಟ್ಟೆಯಿಂದ ಕತ್ತರಿಸಿದ ಹಾಂಗೆ. ನನ್ ಕೈ ಯಾವ್ದು ಅಂತ ಹುಡುಕ್‌ಬೇಕು ಆಗ."

"ನಂಗೆ ಮೈ ಜುಮ್ಮಂದತು," ಎಂದು ವೀಣಾ ಈಗ ಹೇಳುತ್ತಾರೆ. "ಇಪ್ಪತ್ತು ವರ್ಷದಿಂದ ನಾಕನೇ ಮನೆ. ಸಿಕ್ಕಿದ್ರೆ ಬಂಗಡೆ ಹ್ಯಾಂಗಿತ್ತು, ಮಳೆ ಬಂತಾ, ಇಷ್ಟೇ ಮಾತು. ಅಂವ ಇಂಥದ್ದನ್ನ ಹೊತ್ಕೊಂಡು ನಮ್ಮನೆ ಮುಂದೆ ದಿನಾ ಓಡಾಡ್ತಿದ್ದ."

ಹದಿನೇಳನೆಯ ಪ್ರಶ್ನೆ, 'ಸಾಗರದಂತೆ ಎಲ್ಲೆಯಿಲ್ಲದವನಾದೆ ಅನಿಸಿತು.' ವೆಂಕಟ ಮೂಗಿನಲ್ಲಿ ನಕ್ಕು ಎಡತುದಿಯಲ್ಲಿ ಕಡ್ಡಿ ಹಾಕಿದರು. ಮೂವತ್ತೊಂದನೆಯದು, 'ನನಗೂ ನನ್ನ ಸುತ್ತಲಿನದಕ್ಕೂ ನಡುವೆ ಗಡಿ ಉಳಿಯಲಿಲ್ಲ.' ಅದಕ್ಕೆ ಕಡ್ಡಿ ಬಲತುದಿಗೆ ತಾಗಿತು.

ಇವೆರಡರ ನಡುವಿನ ಇಪ್ಪತ್ತೊಂಬತ್ತನೆಯದಕ್ಕೆ ಹಿಡಿದ ಸಮಯ ಎಲ್ಲಕ್ಕಿಂತ ಹೆಚ್ಚು. 'ಹಿಂತಿರುಗಿ ಬರಲು ಮನಸ್ಸಾಗಲಿಲ್ಲ.' ವೆಂಕಟ ರಸ್ತೆಯತ್ತ ನೋಡಿದರು, ಒಳಮನೆಯತ್ತ ನೋಡಿದರು. ಕಡ್ಡಿ ಎಳೆದು ಕಾಗದ ಮಗುಚಿ ಇಟ್ಟರು.

"ಇದು ಕಮಲಿಗೆ ಗೊತ್ತಾಗೂದು ಬೇಡ."

ಅದೇ ಸಂಜೆ ವೀಣಾ ಸ್ಕೇಲು ಇಟ್ಟು ನೋಡಿದರು. ತೊಂಬತ್ನಾಲ್ಕು ಮಿಲಿಮೀಟರ್. ಆ ಪ್ರಶ್ನೆಗೆ ಎಪ್ಪತ್ತು ದಾಟಿದರೆ ತಂಡದ ವೈದ್ಯರು ಆ ವ್ಯಕ್ತಿಯನ್ನು ಕರೆಸಿ ಪರೀಕ್ಷಿಸುತ್ತಾರೆ ಎಂದು ತರಬೇತಿಯಲ್ಲಿ ಹೇಳಿದ್ದರು. ಅದು ಅವರಿಗೆ ಸಮಾಧಾನ. ತಾನು ಬಾಯಿ ಬಿಡಬೇಕಾಗಿಲ್ಲ, ಕಾಗದವೇ ಹೇಳುತ್ತದೆ.

ಎರಡು ದಿನ ಕಳೆದು ಕಮಲಿ ರವಿಕೆ ಬಟ್ಟೆ ಹಿಡಿದುಕೊಂಡು ಬಂದರು. ತೋಳಿನ ಅಳತೆ ಕೊಡುತ್ತ ಕೇಳಿದರು, "ಅವ್ರು ಒಂದೂವರೆ ತಾಸು ನಿನ್ ಹತ್ರ ಎಂತ ಮಾತಾಡಿದ್ರು? ನನ್ ಹತ್ರ ಮದ್ವೆ ಆದಾಗಿಂದ ಒಟ್ಟು ಸೇರ್ಸಿದ್ರೂ ಅಷ್ಟು ಆಗ್ಲಿಕ್ಕಿಲ್ಲ."

"ಹೇಳೂಕೆ ಬರೂದಿಲ್ಲ ಕಮಲಕ್ಕ. ಕೆಲ್ಸದ ನಿಯಮ."

"ನಿಯಮ ಹೊಲ್ದು ಹಾಕ್ಕೊ," ಎಂದು ನಕ್ಕ ಕಮಲಿ, ಬಾಗಿಲವರೆಗೆ ಹೋಗಿ ನಿಂತರು. "ಎರಡು ವರ್ಷದಿಂದ ಅವ್ರು ದಿನಾ ಮೊದ್ಲಿಗಿಂತ ತಡ ಮಾಡಿ ಮೇಲೆ ಬರ್ತ್ರು ಅಂತ ಗಣಪ ಹೇಳ್ತ. ಚೀಲ ಮಾತ್ರ ಮೊದ್ಲಿನಷ್ಟೇ ಇರ್ತದೆ. ಅಷ್ಟ್ ಹೊತ್ತು ಕೆಳಗೆ ಎಂತ ಮಾಡ್ತ್ರು ಅಂತ ನಾ ಕೇಳೂದಿಲ್ಲ. ಕೇಳಬಾರ್ದು. ಆದ್ರೆ ನೀ ಕೇಳ್ದೆ ಅಲ್ದ?"

ವೀಣಾ ಟೇಪು ಸುತ್ತುತ್ತ ನಿಂತರು. ಕಮಲಿ ಉತ್ತರಕ್ಕೆ ಕಾಯದೆ ಹೋದರು.

ಡಿಸೆಂಬರಿನ ಮೊದಲ ವಾರ ಮೂರು ತಾಲೂಕಿನ ಇಪ್ಪತ್ಮೂರು ಕಾಗದಗಳು ಮಂಗಳೂರಿಗೆ ಹೋದವು. ಹತ್ತು ದಿನಗಳ ನಂತರ ಅಮೂಲ್ಯಾ ಫೋನ್ ಮಾಡಿದರು. ಹತ್ತೊಂಬತ್ತು ಕಾಗದಗಳು ತಿರಸ್ಕೃತವಾಗಿದ್ದವು. ಪಟ್ಟಿಯಲ್ಲಿ ಕೆಲವು ಪ್ರಶ್ನೆಗಳು ಜೋಡಿಯಾಗಿರುತ್ತವೆ, ಬೇರೆ ಮಾತಿನಲ್ಲಿ ಒಂದನ್ನೇ ಕೇಳುತ್ತವೆ. ಹದಿನೇಳು ಮತ್ತು ಮೂವತ್ತೊಂದು ಅಂಥ ಜೋಡಿ. ಒಂದಕ್ಕೆ ಪೂರ್ತಿ ಎಂದವರು ಇನ್ನೊಂದಕ್ಕೆ ಸೊನ್ನೆ ಹಾಕಿದರೆ ಮನಸ್ಸಿಟ್ಟು ಬರೆದಿಲ್ಲ ಎಂದರ್ಥ. ಕಂಪ್ಯೂಟರ್ ಅಂಥ ಕಾಗದವನ್ನು ಮುಂದಕ್ಕೆ ಬಿಡುವುದಿಲ್ಲ.

"ಮನಸ್ಸಿಟ್ಟೇ ಬರ್ದಿದ್ರು ಮೇಡಂ. ನಾ ಎದುರಿಗೇ ಕೂತಿದ್ದೆ."

"ಇರಬಹುದು ವೀಣಾ. ಆದರೆ ಎರಡೂ ಹೇಗೆ ನಿಜ ಆಗುತ್ತೆ?"

"ಹಾಗಾದ್ರೆ ಇಪ್ಪತ್ತೊಂಬತ್ತನೇದು? ಎಪ್ಪತ್ತು ದಾಟಿದವ್ರನ್ನ ಡಾಕ್ಟ್ರು ಕರೀತ್ರು ಅಂದಿದ್ರಿ?"

"ಕಾಗದವೇ ಒಳಗೆ ಬರಲಿಲ್ಲ ಅಂದ ಮೇಲೆ ಆ ಪ್ರಶ್ನೆ ನೋಡೋದೇ ಇಲ್ಲ."

ಫೋನಿಟ್ಟ ಮೇಲೆ ವೀಣಾ ತಮ್ಮಲ್ಲಿ ಉಳಿದಿದ್ದ ನಕಲು ಪ್ರತಿಗಳನ್ನು ತೆಗೆದರು. ಹಳೆಯ ರವಿಕೆಯ ಕಾಗದದ ಮಾದರಿಗಳನ್ನು ಒಂದರ ಮೇಲೊಂದಿಟ್ಟು, ಕಿಟಕಿಯ ಗಾಜಿಗೆ ಹಿಡಿದು, ಎಲ್ಲಿ ಹೊಂದುತ್ತದೆ ಎಲ್ಲಿ ಹೊಂದುವುದಿಲ್ಲ ಎಂದು ನೋಡುವುದು ಅವರ ಅಭ್ಯಾಸ. ಅದನ್ನೇ ಮಾಡಿದರು. ಭಟ್ಕಳದ ಮಾಬ್ಲೇಶ್ವರನ ಕಾಗದದ ಮೇಲೆ ಹೊನ್ನಾವರದ ಒಬ್ಬರದ್ದು, ಅದರ ಮೇಲೆ ವೆಂಕಟ ಅವರದ್ದು. ಬೆಳಗಿನ ಬಿಸಿಲು ಮೂರೂ ಹಾಳೆಗಳ ಮೂಲಕ ಬಂತು.

ಕಡ್ಡಿಗಳು ಒಂದರ ಮೇಲೊಂದು ಕುಳಿತಿದ್ದವು. ಬೆಳಕಿಗೆ, ಸಮಯಕ್ಕೆ, ಎದೆಯ ಒದೆತ ನಿಂತು ಬರುವ ಶಾಂತಿಗೆ, ಗಡಿ ಉಳಿಯದ್ದಕ್ಕೆ, ಎರಡು ಮೂರು ಮಿಲಿಮೀಟರಿನ ವ್ಯತ್ಯಾಸ. ಒಬ್ಬರನ್ನೊಬ್ಬರು ಕಂಡಿಲ್ಲದ, ಬೇರೆ ಬೇರೆ ಬಂಡೆಗಳಲ್ಲಿ ಮುಳುಗಿದ, ಯಾರಿಗೂ ಬಾಯಿ ಬಿಡದ ಗಂಡಸರು. ವೀಣಾ ಇನ್ನೊಂದು ಹಾಳೆ ಸೇರಿಸಿದರು, ಮತ್ತೊಂದು. ಬೆಳಕು ಹಾಯದಷ್ಟು ದಪ್ಪವಾಗುವವರೆಗೆ ಸೇರಿಸಿದರು. "ಅಷ್ಟು ಜನ ಒಂದೇ ಜಾಗಕ್ಕೆ ಹೋಗಿ ಬಂದಿದ್ರು," ಎನ್ನುತ್ತಾರೆ. "ಯಾರಿಗೂ ಇನ್ನೊಬ್ಬ ಬಂದಿದ್ದ ಅಂತ ಗೊತ್ತಿಲ್ಲ. ಗೊತ್ತಿದ್ದದ್ದು ನಂಗೊಬ್ಳಿಗೇ. ಅಂದು ಮಧ್ಯಾಹ್ನ ಅನ್ನ ಮಾಡೂಕೆ ಮರ್ತೆ."

ಹದಿನೇಳನೆಯ ಗೆರೆಯಲ್ಲೂ ಕಡ್ಡಿಗಳು ಒಟ್ಟಾಗಿಯೇ ಇದ್ದವು, ಎಡತುದಿಯಲ್ಲಿ. ಆ ಪ್ರಶ್ನೆಗೆ ಬಲಗಡೆ ಕಡ್ಡಿ ಹಾಕಿದ್ದವರು ನಾಲ್ಕೇ ಜನ. ಅವರು ಮುರ್ಡೇಶ್ವರದಲ್ಲಿ ಪ್ರವಾಸಿಗರನ್ನು ನೀರಿಗಿಳಿಸುವ ಕೆಲಸಕ್ಕೆ ಘಟ್ಟದ ಮೇಲಿನಿಂದ ಬಂದವರು. ಕಡಲ ಮನೆಯಲ್ಲಿ ಹುಟ್ಟಿದವರಲ್ಲಿ ಒಬ್ಬರೂ ಇರಲಿಲ್ಲ.

ವೀಣಾ ತಿರುಗಿ ಫೋನ್ ಮಾಡಿದರು. "ಒಂದ್ಸಲ ಬನ್ನಿ ಮೇಡಂ. ದೋಣಿಯಲ್ಲಿ ಕೂತು ನೋಡಿ, ಆಮೇಲೆ ಬೇಕಾದ್ರೆ ಕಾಗ್ದ ಎಸೀರಿ."

ಕ್ರಿಸ್‌ಮಸ್ಸಿಗೆ ಮೂರು ದಿನ ಮೊದಲು ಅಮೂಲ್ಯಾ ಬಂದರು. ಬೆಳಿಗ್ಗೆ ಏಳಕ್ಕೆ ದೋಣಿ ಹೊರಟಿತು. ವೆಂಕಟ, ಗಣಪ, ವೀಣಾ, ಅಮೂಲ್ಯಾ. ಹತ್ತು ನಿಮಿಷಕ್ಕೆ ಅಮೂಲ್ಯಾ ಅವರಿಗೆ ಹೊಟ್ಟೆ ತೊಳಸಿತು. "ದೂರ ನೋಡಿ ಮೇಡಂ, ಹತ್ರ ನೋಡ್ಬೇಡಿ," ಎಂದ ಗಣಪ. ಅವರು ದೂರ ನೋಡಿದರು. ನೋಡುತ್ತ ಕೇಳಿದರು, "ಇದನ್ನ ನೋಡಿದ್ರೆ ಎಲ್ಲೆನೇ ಇಲ್ಲ ಅನಿಸುತ್ತಲ್ವಾ?"

ಗಣಪ ಹುಟ್ಟು ನಿಲ್ಲಿಸಿದ. "ಯಾವ್ದಕ್ಕೆ? ಸಮುದ್ರಕ್ಕಾ?"

"ಹೌದು."

"ಅಲ್ಲಿ ನೀರಿನ ಬಣ್ಣ ಬದ್ಲಾದದ್ದು ಕಂಡತಾ? ಅಲ್ಲಿಗೆ ಅಘನಾಶಿನಿ ಹೊಳೆ ನೀರು ಮುಗೀತು. ಅದ್ರಿಂದಾಚೆ ಕೆಸರು, ಸಿಗಡಿ ಜಾಗ. ನಾವೀಗ ಮರಳ ಮೇಲಿದ್ವು. ಹಿಂದೆ ನೋಡಿ, ಆ ಗುಡ್ಡದ ತಲೆ ಮೊಬೈಲ್ ಟವರಿಗೆ ಸರಿಯಾಗಿ ಬಂದ್ರೆ ಕಲ್ಲು ಶುರು. ಬಲಗಡೆ ವನ್ನಳ್ಳಿಯವ್ರು ಬಲೆ ಬಿಡೂ ಜಾಗ, ಅಲ್ಲಿ ನಾವು ಬಿಟ್ರೆ ಜಗಳ." ಗಣಪ ನಕ್ಕ. "ಎಲ್ಲೆ ಇಲ್ದಿದ್ರೆ ನಾವು ಬದ್ಕಿ ವಾಪಸ್ ಮನೆಗೆ ಬರ್ತಿದ್ವಾ ಮೇಡಂ? ದಡದಲ್ಲಿ ನಿಂತವ್ರಿಗೆ ಹಾಂಗೆ ಕಾಣ್ತದೆ."

ಅಮೂಲ್ಯಾ ವೀಣಾ ಅವರ ಮುಖ ನೋಡಿದರು. ವೀಣಾ ನೀರು ನೋಡುತ್ತಿದ್ದರು.

ವೆಂಕಟ ಆಗ ಹೇಳಿದರು. "ಎಲ್ಲೆ ಇಲ್ದದ್ದು ಅಂದ್ರೆ ಕೆಳಗೆ ಆ ಹೊತ್ತು ಬತ್ತದಲ್ಲ, ಅದು. ಅಲ್ಲಿ ಸಮುದ್ರನೂ ಇರೂದಿಲ್ಲ."

ಜೋಡಿಕಲ್ಲು ಬಂತು. ವೆಂಕಟ ಆರೇಳು ಸಲ ಜೋರಾಗಿ ಉಸಿರೆಳೆದು ಬಿಟ್ಟರು, ಎಲ್ಲ ಮುಳುಗುಗಾರರೂ ಮಾಡುವಂತೆ. ಕೊನೆಯ ಉಸಿರನ್ನು ಹಿಡಿದು ಇಳಿದರು. ಗಣಪ ಬೆರಳ ಗೆಣ್ಣುಗಳ ಮೇಲೆ ಎಣಿಸತೊಡಗಿದ. ಅಮೂಲ್ಯಾ ಗಡಿಯಾರ ಒತ್ತಿದರು. ಒಂದು ನಿಮಿಷ. ನೀರಿನ ಮೇಲೆ ಗುಳ್ಳೆಗಳು ಬಂದವು. ಒಂದೂವರೆ ನಿಮಿಷ. ಗುಳ್ಳೆಗಳು ನಿಂತವು. ಎರಡು ನಿಮಿಷ. ಗಣಪ ಎಣಿಸುವುದನ್ನು ಬಿಟ್ಟು ಅಂಚಿಗೆ ಬಾಗಿದ್ದ. ಎರಡು ನಿಮಿಷ ನಲವತ್ತು ಸೆಕೆಂಡಿಗೆ ತಲೆ ಮೇಲೆ ಬಂತು.

ತುಟಿ ನೀಲಿಯಾಗಿತ್ತು. ಕಣ್ಣುಗಳು ತೆರೆದಿದ್ದವು, ಆದರೆ ದೋಣಿಯಲ್ಲಿದ್ದವರನ್ನು ನೋಡುತ್ತಿರಲಿಲ್ಲ. ವೆಂಕಟ ಅವರ ಬೆರಳಿಗೆ ಅಮೂಲ್ಯಾ, ಕೊರೊನಾ ಕಾಲದಲ್ಲಿ ಎಲ್ಲರ ಮನೆಯಲ್ಲೂ ಇದ್ದ, ರಕ್ತದ ಆಮ್ಲಜನಕ ತೋರಿಸುವ ಪುಟ್ಟ ಯಂತ್ರ ಸಿಕ್ಕಿಸಿದರು. ಐವತ್ತೆರಡು. ತೊಂಬತ್ತಕ್ಕಿಂತ ಕಡಿಮೆಯಾದರೆ ಆಸ್ಪತ್ರೆಗೆ ಓಡಬೇಕು ಎಂದು ಆಗ ಎಲ್ಲರೂ ಕಲಿತಿದ್ದರು. ಅಂಕಿ ನಿಧಾನವಾಗಿ ಮೇಲೇರಿತು. ಅದು ಏರುವವರೆಗೂ ವೆಂಕಟ ಅವರ ಮುಖದಲ್ಲಿದ್ದದ್ದನ್ನು ವರ್ಣಿಸಲು ಅಮೂಲ್ಯಾ ಅವರಿಗೆ ಇಂದೂ ಪದ ಸಿಕ್ಕಿಲ್ಲ. ವರದಿಯಲ್ಲಿ ಅವರು ಬರೆದದ್ದು ಇಷ್ಟು: 'ವ್ಯಕ್ತಿ ಪ್ರಶಾಂತವಾಗಿದ್ದರು. ನಾನು ಹನ್ನೆರಡು ವರ್ಷಗಳಿಂದ ಈ ಪ್ರಶ್ನೆಗಳನ್ನು ಕೇಳುತ್ತಿದ್ದೇನೆ. ಉತ್ತರವನ್ನು ಮೊದಲ ಸಲ ನೋಡಿದೆ.'

ದಡಕ್ಕೆ ಬಂದ ಮೇಲೆ ಅವರು ವೆಂಕಟ ಅವರನ್ನು ಬೇರೆ ಕೂರಿಸಿಕೊಂಡು ಹೇಳಿದರು. ಜತೆಗಿದ್ದದ್ದು ವೀಣಾ ಮಾತ್ರ. ಮುಳುಗುವ ಮೊದಲು ಜೋರಾಗಿ ಉಸಿರಾಡಿದರೆ ಎದೆಯೊಳಗಿನ ಎಚ್ಚರಿಕೆ ತಡವಾಗುತ್ತದೆ. ಬಾಗಿಲು ಬಡಿಯುವುದು ನಿಂತಿತು ಎಂದರೆ ಮಿದುಳಿಗೆ ಗಾಳಿ ಮುಗಿಯುತ್ತಿದೆ ಎಂದರ್ಥ. ಆ ಬೆಳಕು ಬಂದ ಮೇಲೆ ಎಚ್ಚರ ತಪ್ಪಲು ಉಳಿದಿರುವುದು ಕೆಲವೇ ಕ್ಷಣ. ಎಚ್ಚರ ತಪ್ಪಿದವನಿಗೆ ತಪ್ಪಿದ್ದು ಗೊತ್ತಾಗುವುದಿಲ್ಲ, ನೋವೂ ಇರುವುದಿಲ್ಲ. ಅಲೆಯಿಲ್ಲದ ಸಮುದ್ರದಲ್ಲೂ ಹೀಗಾಗುತ್ತದೆ.

"ನಾಣಣ್ಣ," ಎಂದರು ವೆಂಕಟ. ಸತ್ತ ಭಾವನನ್ನು ಅವರು ಕರೆಯುತ್ತಿದ್ದದ್ದು ಹಾಗೆ.

"ನಂಗೆ ಅವರ ವಿಷಯ ಗೊತ್ತಿಲ್ಲ. ಆಗಿರಬಹುದು."

"ಅಂದ್ರೆ ಅದು ಸುಳ್ಳಾ? ಗಾಳಿ ಮುಗ್ದದ್ದಕ್ಕೆ ಕಂಡದ್ದು ಅಷ್ಟೇಯಾ?"

"ಸುಳ್ಳು ಅನ್ನೋಕೆ ನನ್ನ ಹತ್ರ ಯಾವ ಅಳತೆಯೂ ಇಲ್ಲ," ಎಂದರು ಅಮೂಲ್ಯಾ. "ನೀವು ಎಷ್ಟು ದೂರ ಹೋಗಿದ್ರಿ ಅಂತ ಮಾತ್ರ ಅಳೀಬಹುದು. ತುಂಬಾ ದೂರ ಹೋಗಿದ್ರಿ."

ವೆಂಕಟ ಆಗ ಒಪ್ಪಿಕೊಂಡರು. ಎರಡು ವರ್ಷಗಳಿಂದ ಚೀಲ ತುಂಬಿದ ಮೇಲೂ ಅವರು ಮೇಲೆ ಬರುತ್ತಿರಲಿಲ್ಲ. ಬಂಡೆ ಹಿಡಿದುಕೊಂಡು ಅದಕ್ಕಾಗಿ ಕಾಯುತ್ತಿದ್ದರು.

ಮುಳುಗುವುದನ್ನು ಬಿಡಬೇಕು, ಇಲ್ಲವಾದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅರವತ್ತು ಎಣಿಸುವಷ್ಟರಲ್ಲಿ ಮೇಲೆ ಬರಬೇಕು, ಮೊದಲಿಗೆ ಜೋರು ಉಸಿರು ಕೂಡದು. ಇದು ಅಮೂಲ್ಯಾ ಫೋನಿನಲ್ಲಿ ಕೇಳಿ ತಿಳಿಸಿದ ತಂಡದ ವೈದ್ಯರ ಮಾತು. ಮನೆಯವರಿಗೆ ತಾನೇ ಹೇಳುತ್ತೇನೆ ಎಂದರು ವೆಂಕಟ. ಹೇಳಿದರು ಕೂಡ, ಆ ರಾತ್ರಿಯ ಊಟಕ್ಕೆ ಕುಳಿತಾಗ. ಗಣಪ ತಟ್ಟೆ ಸರಿಸಿ ಎದ್ದ.

"ನಾ ಮೇಲೆ ಕೂತು ಬೆರಳು ಸವೆಸ್ತೆ, ನೀ ಕೆಳಗೆ ತಿರುಗಾಟ ಮಾಡ್ತ್ಯಾ ಭಾವ?" ಎಂದು ಕೂಗಿದ. ಆಮೇಲೆ ಧ್ವನಿ ಇಳಿಯಿತು. "ನಾ ಮುಳುಗ್ತಿದ್ದಾಗ ನಂಗೂ ಬಂದಿತ್ತು ಅದು, ಎರಡ್ಸಲ. ಹೆದ್ರಿ ಓಡಿ ಬಂದೆ. ನಾಣಣ್ಣಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಹಗ್ಗದ ಮಾತಿಗೆ ವೆಂಕಟ ಒಪ್ಪಲಿಲ್ಲ. ಹಗ್ಗ ಕಟ್ಟಿಕೊಂಡು ಈ ಕಡಲಿನಲ್ಲಿ ಯಾರೂ ಮುಳುಗಿದ್ದಿಲ್ಲ. "ನಾನೇನು ಲಂಗರಾ?" ಎಂದರು. ಕಮಲಿ ಅಷ್ಟು ಹೊತ್ತೂ ಅಳಲಿಲ್ಲ, ಕೂಗಲಿಲ್ಲ. ಮೀನಿನ ಸಾರು ಬಡಿಸುತ್ತ ಹೇಳಿದ್ದು ಇಷ್ಟು: "ನಮ್ಮನೆಯಿಂದ ಆ ಕಲ್ಲಿಗೆ ಒಬ್ಬನ್ನ ಕೊಟ್ಟಾತು. ಇನ್ನೊಬ್ರನ್ನ ಕೊಡೂದಿಲ್ಲ. ನಾಳೆಯಿಂದ ಪೇಟೆಗೆ ನಾ ಹೋಗೂದಿಲ್ಲ. ನೀಲಿಕಲ್ಲು ತಂದ್ರೆ ನೀವೇ ಕೂತು ಮಾರಿ."

ಅವರು ನಿಜವಾಗಿಯೂ ಹೋಗಲಿಲ್ಲ. ಐದು ವಾರ ದೋಣಿ ಮರಳ ಮೇಲೆಯೇ ಇತ್ತು.

ಅತ್ತ ಮಂಗಳೂರಿನಲ್ಲಿ ಹತ್ತೊಂಬತ್ತು ಕಾಗದಗಳು ಮತ್ತೆ ಒಳಗೆ ಬಂದವು. ಇಪ್ಪತ್ತೊಂಬತ್ತನೆಯದಕ್ಕೆ ಎಪ್ಪತ್ತು ದಾಟಿದ್ದ ಎಂಟು ಜನರನ್ನು ವೈದ್ಯರು ಕರೆಸಿದರು. ಅಮೂಲ್ಯಾ ಹದಿನೇಳನೆಯ ಪ್ರಶ್ನೆಯನ್ನು ಕಿತ್ತು, ವೆಂಕಟ ಅವರ ಅನುಮತಿ ಪಡೆದು, ಅವರ ಮಾತನ್ನೇ ಅಲ್ಲಿಟ್ಟರು: 'ಸಮುದ್ರವೂ ಇಲ್ಲವಾಯಿತು ಅನಿಸಿತು.' ಎರಡನೆಯ ಸುತ್ತಿಗೆ ವೀಣಾ ಭಟ್ಕಳಕ್ಕೆ ಹೋಗಿ ಆ ಸಾಲನ್ನು ಓದಿದಾಗ ಮಾಬ್ಲೇಶ್ವರ ತಮಾಷೆ ಮಾಡಲಿಲ್ಲ. ಇನ್ನೊಮ್ಮೆ ಓದು ಎಂದ. ಓದಿದರು. ಕಣ್ಣೊರೆಸಿಕೊಂಡು ಬಲತುದಿಯಲ್ಲಿ ಕಡ್ಡಿ ಎಳೆದ.

ಫೆಬ್ರವರಿಯ ಒಂದು ಬೆಳಿಗ್ಗೆ ವೆಂಕಟ ಪೇಟೆಯಿಂದ ಹೊಸ ನೈಲಾನ್ ಹಗ್ಗ ತಂದರು. ಒಂದು ತುದಿಯನ್ನು ಗಣಪನ ಮಡಿಲಿಗೆ ಎಸೆದರು. ಮೊದಲ ವಾರ ಗಣಪ ಅರವತ್ತಕ್ಕೆ ಬದಲು ನಲವತ್ತಕ್ಕೇ ಎಳೆದ. ವೆಂಕಟ ಮೇಲೆ ಬಂದು ಬಾಯಿಗೆ ಬಂದಂತೆ ಬೈದರು. ಆದರೂ ಮರುದಿನ ಕಟ್ಟಿಕೊಂಡರು. ಕಮಲಿ ಬುಟ್ಟಿ ಹೊತ್ತು ಪೇಟೆಗೆ ಹೊರಟರು. ಚೀಲ ಈಗ ಅರ್ಧ ತುಂಬುತ್ತದೆ, ಎರಡು ಸಲ ಹೆಚ್ಚು ಇಳಿಯಬೇಕಾಗುತ್ತದೆ.

ಮಾರ್ಚಿನಲ್ಲಿ ವೀಣಾ ಎರಡನೆಯ ಕಾಗದ ಹಿಡಿದು ದಡಕ್ಕೆ ಹೋದರು. ಮುಳುಗಿ ಬಂದ ಒಂದು ತಾಸಿನೊಳಗೆ ಬರೆಸಬೇಕು. ವೆಂಕಟ ದೋಣಿಯ ಅಂಚಿಗೆ ಒರಗಿ ಒಂದೊಂದನ್ನೂ ಕೇಳಿಸಿಕೊಂಡರು, ಯೋಚಿಸಿದರು, ಎಡತುದಿಯಲ್ಲಿ ಕಡ್ಡಿ ಹಾಕಿದರು. ಬೆಳಕು, ಇಲ್ಲ. ಸಮಯ, ನಿಲ್ಲಲಿಲ್ಲ. ಸಮುದ್ರ, ಇತ್ತು. ನಲವತ್ತೊಂದು ಸೊನ್ನೆಗಳು. ಒಂದನ್ನೂ ಅವರು ಅವಸರದಲ್ಲಿ ಹಾಕಲಿಲ್ಲ. ಪ್ರತಿಯೊಂದರ ಮುಂದೆಯೂ ಅದು ನಿಜಕ್ಕೂ ಬರಲಿಲ್ಲವೇ ಎಂದು ಒಳಗೆ ಹೋಗಿ ನೋಡಿ ಬಂದವರಂತೆ ತಡೆದು ಬರೆದರು.

ಕೊನೆಯದು, 'ಈ ಅನುಭವ ಮತ್ತೊಮ್ಮೆ ಬೇಕು ಅನಿಸುತ್ತದೆ.'

ಗಣಪ ಬಲೆಚೀಲ ಕೊಡವುತ್ತಿದ್ದವನು ನಿಲ್ಲಿಸಿದ. ವೆಂಕಟ ಅವನ ಕಡೆ ನೋಡಲಿಲ್ಲ. ಗೆರೆಯ ಬಲತುದಿಗೆ, ಗೆರೆ ಮುಗಿಯುವಲ್ಲೇ, ಕಡ್ಡಿ ಎಳೆದು ಪೆನ್ನು ವಾಪಸು ಕೊಟ್ಟರು. "ಸುಳ್ಳು ಬರೀಬಾರ್ದು ಅಂತ ನೀ ಅಂದಿದ್ದೆ ಅಲ್ದ ತಂಗಿ," ಎಂದರು.

ಕಾಗದದ ಕೆಳಗೆ ಸಮೀಕ್ಷಕರ ಟಿಪ್ಪಣಿಗೆಂದು ಎರಡು ಸಾಲಿನ ಜಾಗವಿದೆ. ಇಪ್ಪತ್ಮೂರು ಜನರ ಕಾಗದಗಳಲ್ಲಿ ವೀಣಾ ಅದನ್ನು ಖಾಲಿ ಬಿಟ್ಟಿದ್ದರು. ಅಂದು ಮಾತ್ರ ಬರೆದರು: 'ಉತ್ತರ ಬರೆಯುವಾಗ ಸೊಂಟದಲ್ಲಿ ಹಗ್ಗ ಇತ್ತು. ಬಿಚ್ಚಲು ಯಾರೂ ಹೇಳಲಿಲ್ಲ, ಅವರೂ ಬಿಚ್ಚಲಿಲ್ಲ.'